ಶೋಗ್ರೌಂಡ್ ಖಾಲಿ ಇರುವುದು ಯಾಕೆ ಒಳ್ಳೆಯದು

ಸಿಡ್ನಿಯ ಮೆಟ್ರೋದಲ್ಲಿ ವಾಯವ್ಯ ದಿಕ್ಕಿಗೆ ಹೊರಟರೆ, ಕ್ಯಾಸಲ್ ಹಿಲ್ ಆದ ಮೇಲೆ ಸಿಗುವ ಸ್ಟೇಷನ್ನಿನ ಹೆಸರು ಹಿಲ್ಸ್ ಶೋಗ್ರೌಂಡ್. ಡ್ರೈವರ್ ಇಲ್ಲದೆ ಓಡುವ ರೈಲು ಅದು. 2019ರ ಮೇ 26ರಂದು ಶುರುವಾಯಿತು. 2024ರ ಆಗಸ್ಟ್‌ನಿಂದ ಬಂದರಿನ ಅಡಿಯ ಸುರಂಗ ದಾಟಿ ನಗರದ ನಡುವಿಗೇ ಹೋಗುತ್ತದೆ. ಇಷ್ಟು ಹೊಸ ರೈಲಿನ ಸ್ಟೇಷನ್ನಿಗೆ ಇಟ್ಟಿರುವುದು ದನ, ಕೋಳಿ, ಕುದುರೆ, ಕುಂಬಳಕಾಯಿ ತಂದು ಬಹುಮಾನಕ್ಕೆ ನಿಲ್ಲಿಸುವ ಒಂದು ಹುಲ್ಲಿನ ಬಯಲಿನ ಹೆಸರು. ಸ್ಟೇಷನ್ನಿಂದ ಮೇಲೆ ಬಂದು ರಸ್ತೆ ದಾಟಿದರೆ ಆ ಬಯಲು. ಬೆನ್ನು ತಿರುಗಿಸಿ ನೋಡಿದರೆ ಹೊಸ ಅಪಾರ್ಟ್‌ಮೆಂಟುಗಳು.

ಬಯಲಿನ ಪೂರ್ತಿ ಹೆಸರು ಕ್ಯಾಸಲ್ ಹಿಲ್ ಶೋಗ್ರೌಂಡ್. ನಾನು ಇದಕ್ಕೆ ಹತ್ತಿರದಲ್ಲೇ ವಾಸ ಮಾಡುತ್ತಿದ್ದೇನೆ. ವಾರದ ನಡುವೆ ಯಾವತ್ತು ಹೋದರೂ ಜಾಸ್ತಿ ಜನ ಇರುವುದಿಲ್ಲ. ಒಬ್ಬಿಬ್ಬರು ನಾಯಿ ಓಡಾಡಿಸುತ್ತಿರುತ್ತಾರೆ. ಬಾಗಿಲು ಹಾಕಿದ ಪೆವಿಲಿಯನ್‌ಗಳು (ಪ್ರದರ್ಶನದ ಕಟ್ಟಡಗಳು), ನಡುವೆ ದೊಡ್ಡ ರಿಂಗ್ (ಪಂದ್ಯದ ಅಂಗಳ), ಅಷ್ಟೇ. ಊರಿಂದ ಬಂದ ನೆಂಟರಿಗೆ ತೋರಿಸಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ: "ಇಷ್ಟು ಜಾಗ ಸುಮ್ನೆ ಬಿದ್ದಿದೆಯಲ್ಲ!" ಮೊದಮೊದಲು ನನಗೂ ಹಾಗೇ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ಈ ಬಯಲಿನ ದೊಡ್ಡ ಆಸ್ತಿ ಅಂದರೆ ಅದು ಸುಮ್ನೆ ಬಿದ್ದಿರುವುದೇ. ಸುತ್ತ ಸಾವಿರಗಟ್ಟಲೆ ಫ್ಲಾಟುಗಳು ಏಳುತ್ತಿರುವ ಈ ಹೊತ್ತಿನಲ್ಲಿ ಮೊದಲು ಕೈತಪ್ಪುವುದೂ ಅದೇ. ಬಯಲನ್ನು ಯಾರೋ ಮಾರಿಬಿಡುತ್ತಾರೆ ಅನ್ನೋದು ನನ್ನ ಭಯ ಅಲ್ಲ. ಯಾರೂ ಮಾರದೆಯೇ ಅದು ಜನರ ಕೈಯಿಂದ ಜಾರಿಹೋಗಬಹುದು. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಶೋ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಸಂತೆ ಮೈದಾನ, ದನಗಳ ಜಾತ್ರೆ, ಕೃಷಿ ಮೇಳ ಮೂರನ್ನೂ ಒಂದೇ ಬಯಲಿನಲ್ಲಿ ಸೇರಿಸಿದರೆ ಅದು ಶೋ. ಆಸ್ಟ್ರೇಲಿಯಾದ ಊರುಗಳಲ್ಲಿ ವರ್ಷಕ್ಕೊಂದು ಸಲ ನಡೆಯುತ್ತದೆ. ಇಡೀ ದೇಶದಲ್ಲಿ ಇಂಥವು 500ಕ್ಕೂ ಜಾಸ್ತಿ. ಕ್ಯಾಸಲ್ ಹಿಲ್‌ನಲ್ಲಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ರಿಂಗಿನೊಳಗೆ ಕುದುರೆ ಸವಾರಿ, ಪಕ್ಕದಲ್ಲಿ ಕೊಡಲಿಯಿಂದ ಮರದ ದಿಮ್ಮಿ ಕಡಿಯುವ ಪಂದ್ಯ, ಆಚೆ ಮಕ್ಕಳ ತಿರುಗುವ ತೊಟ್ಟಿಲು. ಪೆವಿಲಿಯನ್ ಒಳಗೆ ಹೂವು, ಜಾಮು, ಹೆಣಿಗೆ, ಚಿತ್ರ. ಇದನ್ನು ನಡೆಸುವುದು ಸರ್ಕಾರ ಅಲ್ಲ. ಊರಿನ ಕೃಷಿ ಸಂಘ. ಸಂಘದಲ್ಲಿ ದುಡಿಯುವವರು ಬಹುತೇಕ ಸಂಬಳ ಇಲ್ಲದ ವಾಲಂಟಿಯರ್‌ಗಳು, ಅವರಲ್ಲೂ ವಯಸ್ಸಾದವರೇ ಜಾಸ್ತಿ.

ಬ್ರಿಟನ್ನಿನಿಂದ ಬಂದ ಪದ್ಧತಿ ಇದು. ನ್ಯೂ ಸೌತ್ ವೇಲ್ಸ್ ರಾಜ್ಯದ ಕೃಷಿ ಸಂಘ ಹುಟ್ಟಿದ್ದು 1822ರಲ್ಲಿ. ಮರುವರ್ಷವೇ ಪ್ಯಾರಮ್ಯಾಟದಲ್ಲಿ ಮೊದಲ ಶೋ ಆಯಿತು. ಒಳ್ಳೆಯ ತಳಿ ಯಾವುದು, ಒಳ್ಳೆಯ ಬೆಳೆ ಹೇಗಿರುತ್ತದೆ ಅಂತ ರೈತರು ಕಣ್ಣಾರೆ ನೋಡಿ ಕಲಿಯಲಿ ಅನ್ನೋದು ಉದ್ದೇಶ. ಬಹುಮಾನ ಅದಕ್ಕೊಂದು ನೆಪ.

ಬಹುಮಾನದ ವಿಷಯ ಬಂತಲ್ಲ, ಅದರಲ್ಲೊಂದನ್ನು ಹತ್ತಿರದಿಂದ ತೋರಿಸುತ್ತೇನೆ. ಈ ರಾಜ್ಯದ ಶೋಗಳಲ್ಲಿ 'ರಿಚ್ ಫ್ರೂಟ್ ಕೇಕ್' ಅಂತ ಒಂದು ಸ್ಪರ್ಧೆ ಇದೆ. ಎಲ್ಲರಿಗೂ ಒಂದೇ ರೆಸಿಪಿ, ಅದನ್ನು ಬದಲಾಯಿಸುವ ಹಾಗಿಲ್ಲ. ಮೂರು ಬಗೆಯ ಒಣದ್ರಾಕ್ಷಿ ತಲಾ 250 ಗ್ರಾಂ. ದೊಡ್ಡ ದ್ರಾಕ್ಷಿಯನ್ನು ಎರಡೋ ಮೂರೋ ತುಂಡು ಮಾಡಬೇಕು. ಚೆರ್ರಿಯನ್ನು ನಾಲ್ಕರಿಂದ ಆರು. ಬಾದಾಮಿಯನ್ನು ಅಡ್ಡಕ್ಕೆ ಮೂರು ನಾಲ್ಕು. ತುಂಡುಗಳೆಲ್ಲ ಒಂದೇ ಅಳತೆ ಇದ್ದರೆ ಚೆನ್ನ. ತೀರ್ಪು ಕೊಡುವವರು ಕೇಕನ್ನು ನಡುವೆ ಕೊಯ್ದು, ಹಣ್ಣು ಎಲ್ಲ ಕಡೆ ಸಮ ಹರಡಿದೆಯಾ, ತಳಕ್ಕೆ ಕೂತಿದೆಯಾ ಅಂತ ನೋಡುತ್ತಾರೆ. ಊರಿನ ಶೋದಲ್ಲಿ ಗೆದ್ದವರು ಮುಂದಿನ ಸುತ್ತಿಗೆ ಹೋಗುತ್ತಾರೆ, ಅಲ್ಲೂ ಗೆದ್ದರೆ ಸಿಡ್ನಿಯ ರಾಯಲ್ ಈಸ್ಟರ್ ಶೋಗೆ. ಅಡುಗೆಮನೆಯಲ್ಲಿ ಒಬ್ಬರೇ ನಿಂತು ಬಾದಾಮಿ ಹೆಚ್ಚಿದವರ ಕೇಕು ಇಡೀ ರಾಜ್ಯದ ಮುಂದೆ ಬರುತ್ತದೆ. ನನ್ನ ಪಕ್ಕದ ಬೀದಿಯ ಅಜ್ಜಿಯೊಬ್ಬರು ಈ ಸ್ಪರ್ಧೆಗೆ ಕೇಕ್ ಇಡುತ್ತಾರೆ. ಶೋ ಹತ್ತಿರ ಬಂದಾಗ ಅವರ ಮಾತೆಲ್ಲ ಅದೇ. ಈ ಜಾಗ ಯಾರದು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಅವರು.

ಕ್ಯಾಸಲ್ ಹಿಲ್ ಮೊದಲಿಂದ ಈಗಿನ ಹಾಗಿರಲಿಲ್ಲ. ಇದು ಧರುಗ್ ಜನರ ನೆಲ. 1801ರಲ್ಲಿ ಬ್ರಿಟಿಷರು ಇಲ್ಲೊಂದು ಸರ್ಕಾರಿ ಹೊಲ ಮಾಡಿ, ಕೈದಿಗಳನ್ನು ದುಡಿಸಿದರು. 1804ರ ಮಾರ್ಚ್ 4ರ ರಾತ್ರಿ ಆ ಕೈದಿಗಳೇ ತಿರುಗಿಬಿದ್ದರು. ಐರ್ಲೆಂಡಿನವರೇ ಹೆಚ್ಚಿದ್ದ ಆ ದಂಗೆಯನ್ನು ಮರುದಿನವೇ ಅಡಗಿಸಿದರು. ಆಮೇಲೆ ಇಲ್ಲೆಲ್ಲ ಹಣ್ಣಿನ ತೋಟಗಳು ಬಂದವು. ಕಿತ್ತಳೆಗೆ ಹೆಸರಾದ ಪ್ರದೇಶ ಇದು. ತೋಟಗಳು ಸೈಟುಗಳಾಗಿ ದಶಕಗಳೇ ಕಳೆದಿವೆ. ಆದರೆ ಇಲ್ಲಿನ ಹಿಲ್ಸ್ ಕೌನ್ಸಿಲ್ (ನಮ್ಮ ನಗರಸಭೆಯಂಥದು) ನಡೆಸಿಕೊಂಡು ಬಂದ ವಸಂತದ ಹಬ್ಬಕ್ಕೆ ಇಟ್ಟ ಹೆಸರು 'ಆರೆಂಜ್ ಬ್ಲಾಸಮ್', ಅಂದರೆ ಕಿತ್ತಳೆ ಹೂವು. ಮರ ಹೋಯಿತು, ಹೆಸರು ಉಳಿಯಿತು. ಸ್ಟೇಷನ್ನಿನ ಬೋರ್ಡು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಈಗಿನ ವಿಷಯಕ್ಕೆ ಬರೋಣ. ಮೆಟ್ರೋ ಕಟ್ಟುತ್ತಿದ್ದಾಗಲೇ, 2017ರ ಡಿಸೆಂಬರ್‌ನಲ್ಲಿ, ರಾಜ್ಯ ಸರ್ಕಾರ ಶೋಗ್ರೌಂಡ್ ಸ್ಟೇಷನ್ನಿನ ಸುತ್ತಲಿನ ಜಾಗದ ನಿಯಮ ಬದಲಿಸಿತು. ಹಿತ್ತಲಿರುವ ಒಂಟಿ ಮನೆಗಳ ಬಡಾವಣೆಯಲ್ಲಿ 5,000 ಮನೆಗಳವರೆಗೆ ಕಟ್ಟಲು ದಾರಿಯಾಯಿತು. 2024ರ ಮೇ ತಿಂಗಳಲ್ಲಿ ಇನ್ನೊಂದು ಗುರಿ ಬಂತು. 2029ರ ಒಳಗೆ ರಾಜ್ಯದಲ್ಲಿ 3,77,000 ಹೊಸ ಮನೆ ಆಗಬೇಕು. ಅದರಲ್ಲಿ ಹಿಲ್ಸ್ ಕೌನ್ಸಿಲ್ ಒಂದರ ಪಾಲೇ 23,300.

ಮನೆ ಬೇಡ ಅನ್ನುವವರ ಗುಂಪಿಗೆ ನಾನು ಸೇರಿದವನಲ್ಲ. ಸಿಡ್ನಿಯಲ್ಲಿ ಮನೆ ಬಾಡಿಗೆ, ಮನೆ ಬೆಲೆ ಎರಡೂ ಎಷ್ಟು ಹಿಂಡುತ್ತವೆ ಅಂತ ಇಲ್ಲಿ ಬಂದು ನೆಲೆ ಹುಡುಕಿದ ಪ್ರತಿಯೊಬ್ಬ ಕನ್ನಡಿಗನಿಗೂ ಗೊತ್ತು. ರೈಲಿನ ಪಕ್ಕದಲ್ಲಿ ಫ್ಲಾಟ್ ಕಟ್ಟುವುದು ಸರಿಯಾದ ಕೆಲಸವೇ. 2021ರ ಜನಗಣತಿಯ ಪ್ರಕಾರ ಭಾರತದಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದವರು 6,73,000. ಹೊರದೇಶದಲ್ಲಿ ಹುಟ್ಟಿದವರಲ್ಲಿ ಇಂಗ್ಲೆಂಡಿನವರನ್ನು ಬಿಟ್ಟರೆ ನಾವೇ. ಸಿಡ್ನಿಯ ಈ ವಾಯವ್ಯ ಭಾಗದಲ್ಲಿ ನಮ್ಮವರು ತುಂಬಾ ಇದ್ದಾರೆ. ಈ ಫ್ಲಾಟುಗಳಿಗೆ ಬರುವವರಲ್ಲೂ ನಮ್ಮವರಿದ್ದಾರೆ. ನನ್ನ ಚಿಂತೆ ಬೇರೆ. ಹಿತ್ತಲಿದ್ದ ಮನೆ ಹೋಗಿ ಬಾಲ್ಕನಿ ಇರುವ ಮನೆ ಬಂದಾಗ, ಆ ಮನೆಯವರ ಹಿತ್ತಲು ಯಾವುದು? ಮಗುವಿನ ಸೈಕಲ್ಲು, ಅಜ್ಜನ ವಾಕಿಂಗು, ಹಬ್ಬದ ಊಟ ಎಲ್ಲವೂ ಎದುರಿಗಿರುವ ಬಯಲಿಗೇ ಬರಬೇಕು. ಬೇಡಿಕೆ ಹೆಚ್ಚಾದಾಗ ಅಧಿಕಾರಿಗಳಿಗೆ ಸಹಜವಾಗಿ ಹೊಳೆಯುವ ಪ್ರಶ್ನೆ ಒಂದೇ: ವಾರದಲ್ಲಿ ಐದು ದಿನ ಖಾಲಿ ಇರುವ ಈ ಜಾಗವನ್ನು ಇನ್ನೂ ಚೆನ್ನಾಗಿ ಬಳಸುವುದು ಹೇಗೆ?

ಕೇಳಿದರೆ ತಪ್ಪೇನೂ ಕಾಣುವುದಿಲ್ಲ, ಅಲ್ವಾ? ಶೋಗ್ರೌಂಡ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ತಪ್ಪು ಎಲ್ಲಿದೆ ಅಂತ ಕಾಣುತ್ತದೆ.

ಒಂದು ಶನಿವಾರದ ಸಂತೆಯನ್ನೇ ತಗೊಳ್ಳಿ. ಬೆಳಕು ಹರಿಯುವ ಮುಂಚೆ ವ್ಯಾನುಗಳು ಬರುತ್ತವೆ. ಹುಲ್ಲಿನ ಮೇಲೇ ಓಡಿಸಿಕೊಂಡು ಬಂದು ತಮ್ಮ ಜಾಗದಲ್ಲಿ ನಿಲ್ಲಿಸುತ್ತಾರೆ. ಡೇರೆಯ ಕಾಲು ಬಿಡಿಸಿ, ನಾಲ್ಕು ಮೂಲೆಗೆ ಗೂಟ ಹೊಡೆಯುತ್ತಾರೆ. ಸುತ್ತಿಗೆ ಸದ್ದು ಆ ಕಡೆಯಿಂದ ಈ ಕಡೆಗೆ ಹರಡುತ್ತಾ ಬರುತ್ತದೆ. ಮೊದಲು ಬ್ರೆಡ್ಡಿನವರು, ಆಮೇಲೆ ಹೂವಿನವರು, ಜೇನಿನವರು. ಕಾಫಿ ಗಾಡಿ ಎಲ್ಲರಿಗಿಂತ ಮುಂಚೆಯೇ ಬಂದಿರುತ್ತದೆ, ಯಾಕೆಂದರೆ ಅದರ ಮೊದಲ ಗಿರಾಕಿಗಳು ಉಳಿದ ಅಂಗಡಿಯವರೇ. ಮಧ್ಯಾಹ್ನದ ಹೊತ್ತಿಗೆ ಗೂಟ ಕಿತ್ತು, ಕಸ ಎತ್ತಿ, ವ್ಯಾನು ಹೊರಟರೆ ಹುಲ್ಲಿನ ಮೇಲೆ ಚಕ್ರದ ಗುರುತು ಬಿಟ್ಟರೆ ಇನ್ನೇನೂ ಇಲ್ಲ. ಮತ್ತೆ ಖಾಲಿ.

ನಮ್ಮ ಪರಿಚಯದ ಒಬ್ಬ ಅಕ್ಕ ಇಂಥದೇ ಒಂದು ಸಂತೆಯಲ್ಲಿ ಬಿಸಿಬೇಳೆಬಾತು, ವಡೆ ಮಾರಲು ಶುರು ಮಾಡಿದರು. ಹಿಂದಿನ ದಿನ ನಾನೂ ಸಹಾಯಕ್ಕೆ ಹೋಗಿದ್ದೆ. ಇಲ್ಲಿನ ಆಹಾರ ನಿಯಮ ಬಲು ಕಟ್ಟುನಿಟ್ಟು. ಬಿಸಿ ಪದಾರ್ಥ 60 ಡಿಗ್ರಿ ಅಥವಾ ಅದಕ್ಕಿಂತ ಮೇಲೇ ಇರಬೇಕು, ತಣ್ಣಗಿನದು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಅಳೆಯಲು ಥರ್ಮಾಮೀಟರ್ ಕೈಯಲ್ಲೇ ಇರಬೇಕು. ಡೇರೆಯೊಳಗೆ ಕೈ ತೊಳೆಯಲು ಬೆಚ್ಚನೆ ನೀರು, ಸೋಪು, ಒರೆಸಲು ಕಾಗದ. ಕೌನ್ಸಿಲ್ಲಿಗೆ ಮೊದಲೇ ತಿಳಿಸಿರಬೇಕು. ಎಲ್ಲಕ್ಕಿಂತ ಮೇಲೆ ವಿಮೆ. ಯಾರಾದರೂ ಎಡವಿ ಬಿದ್ದರೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಅಂತ ಒಂದರಿಂದ ಎರಡು ಕೋಟಿ ಡಾಲರಿನ ವಿಮೆ ಕೇಳುವುದು ಇಲ್ಲಿ ಮಾಮೂಲು. ಅಕ್ಕ ಹಸಿರು ಬಣ್ಣದ ಹಾಸು ಹಾಕಿ, ಬಾತಿನ ಪಾತ್ರೆಗೆ ಥರ್ಮಾಮೀಟರ್ ಚುಚ್ಚಿ, "ಅರವತ್ತೆಂಟು ಇದೆ, ಪರವಾಗಿಲ್ಲ" ಅಂದಾಗ ಅವರ ಮುಖದಲ್ಲಿ ನಿಜವಾದ ನೆಮ್ಮದಿ ಇತ್ತು. ಮಧ್ಯಾಹ್ನದೊಳಗೆ ಪಾತ್ರೆ ಖಾಲಿಯಾಯಿತು.

ಅಕ್ಕ ಅಂಗಡಿ ಬಾಡಿಗೆಗೆ ಹಿಡಿದಿದ್ದರೆ ವರ್ಷಗಟ್ಟಲೆ ಒಪ್ಪಂದ, ದೊಡ್ಡ ಠೇವಣಿ ಬೇಕಿತ್ತು. ಬಯಲಿನಲ್ಲಿ ಒಂದು ದಿನದ ಬಾಡಿಗೆ ಸಾಕು. ಚೆನ್ನಾಗಿ ನಡೆಯದಿದ್ದರೆ ಮುಂದಿನ ಸಲ ಬರದಿದ್ದರಾಯಿತು, ಮನೆ ಮುಳುಗುವುದಿಲ್ಲ. ಕೈಯಲ್ಲಿ ಕೆಲಸ ಇದ್ದೂ ಬಂಡವಾಳ ಇಲ್ಲದವರಿಗೆ ಇದು ಮೊದಲ ಮೆಟ್ಟಿಲು. ಹೊಸದಾಗಿ ವಲಸೆ ಬಂದವರಿಗಂತೂ ಇದಕ್ಕಿಂತ ಒಳ್ಳೆಯ ಶುರು ಇನ್ನೊಂದಿಲ್ಲ.

ಬೆಳೆಗಾರರ ಕಡೆಯಿಂದ ನೋಡಿದರೆ ಸಂತೆಯ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಆಸ್ಟ್ರೇಲಿಯಾದಲ್ಲಿ ದಿನಸಿ, ತರಕಾರಿ ವ್ಯಾಪಾರ ಎರಡು ಕಂಪನಿಗಳ ಕೈಯಲ್ಲಿದೆ. ಗ್ರಾಹಕರ ಹಿತ ಕಾಯುವ ಕೇಂದ್ರ ಆಯೋಗ 2025ರ ಮಾರ್ಚ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಸೂಪರ್‌ಮಾರ್ಕೆಟ್ ವ್ಯಾಪಾರದಲ್ಲಿ ವೂಲ್‌ವರ್ತ್ಸ್ ಪಾಲು 38%, ಕೋಲ್ಸ್ ಪಾಲು 29%. ಸಣ್ಣ ಬೆಳೆಗಾರ ಇವರ ಮುಂದೆ ದರ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಸಂತೆಯಲ್ಲಿ ಆತನೇ ದರ ಹೇಳುತ್ತಾನೆ, ನಾನು ಕೊಡುವ ದುಡ್ಡು ಆತನ ಜೇಬಿಗೇ ಹೋಗುತ್ತದೆ. ಸಂತೆಯಲ್ಲಿ ಎಲ್ಲ ಅಗ್ಗ ಅಂತ ನಾನು ಹೇಳುವುದಿಲ್ಲ. ಟೊಮೆಟೊ ಸೂಪರ್‌ಮಾರ್ಕೆಟ್ಟಿಗಿಂತ ದುಬಾರಿ ಇರುವ ದಿನಗಳೂ ಉಂಟು. ಸ್ಟಾಲ್ ಇಟ್ಟವರೆಲ್ಲ ರೈತರೂ ಅಲ್ಲ, ಸಗಟು ಮಾರುಕಟ್ಟೆಯಿಂದ ಕೊಂಡು ತಂದು ಮಾರುವವರೂ ಕೆಲವು ಕಡೆ ಇರುತ್ತಾರೆ. ಒಳ್ಳೆಯ ಸಂತೆ ನಡೆಸುವವರು ಇದನ್ನು ನೋಡಿಕೊಳ್ಳುತ್ತಾರೆ. ನಾನಂತೂ "ಇದು ನಿಮ್ಮ ತೋಟದ್ದೇನಾ?" ಅಂತ ಕೇಳಿಯೇ ತಗೊಳ್ಳುತ್ತೇನೆ. ನಿಜವಾದ ಬೆಳೆಗಾರನಾದರೆ ಯಾವ ಊರು, ಮಳೆ ಹೇಗಿತ್ತು ಅಂತ ಐದು ನಿಮಿಷ ಹೇಳುತ್ತಾನೆ.

ಆ ಗೂಟದ ವಿಷಯಕ್ಕೆ ಮತ್ತೆ ಬರುತ್ತೇನೆ, ಇಡೀ ವಿಷಯ ಅದರ ಮೇಲೇ ನಿಂತಿದೆ. ಬಯಲನ್ನು ಚೆನ್ನಾಗಿ ಬಳಸಬೇಕು ಅಂದಾಗ ಬರುವ ಮೊದಲ ಸಲಹೆ ಆಟದ ಅಂಕಣ. ಫುಟ್‌ಬಾಲ್ ಕ್ಲಬ್ಬುಗಳಿಗೆ ಜಾಗ ಸಾಲುತ್ತಿಲ್ಲ, ಅದು ನಿಜ. ಆದರೆ ಪ್ಲಾಸ್ಟಿಕ್ ಹುಲ್ಲು ಹಾಸಿದರೆ ಅಲ್ಲಿ ಗೂಟ ಹೊಡೆಯುವ ಹಾಗಿಲ್ಲ, ವ್ಯಾನು ಓಡಿಸುವ ಹಾಗಿಲ್ಲ, ಕುದುರೆ ಕಾಲಿಡುವ ಹಾಗಿಲ್ಲ. ನಿಜವಾದ ಹುಲ್ಲೇ ಆದರೂ ಅಡಿಯಲ್ಲಿ ನೀರಿನ ಪೈಪು ಹೂತಿದ್ದರೆ ಗೂಟಕ್ಕೆ ಹೆದರಬೇಕು. ಸುತ್ತ ಬೇಲಿ ಬಂದರೆ ಒಂದು ಬಯಲು ನಾಲ್ಕು ತುಂಡಾಗುತ್ತದೆ. ನಾಲ್ಕು ತುಂಡಿನಲ್ಲಿ ಶೋ ಮಾಡಲು ಆಗುವುದಿಲ್ಲ. ಶೋಗೆ ದನದ ಲಾರಿ, ಕುದುರೆಯ ಟ್ರೇಲರ್, ತೊಟ್ಟಿಲಿನ ಯಂತ್ರ, ಜನರೇಟರ್ ಎಲ್ಲ ತಿರುಗಿಸಿ ನಿಲ್ಲಿಸುವಷ್ಟು ಜಾಗ ಬೇಕು. ಬಂದವರ ಕಾರು ನಿಲ್ಲಲು ಹುಲ್ಲಿನ ಬಯಲೇ ಬೇಕು, ಯಾಕೆಂದರೆ ಕುರಿಯನ್ನು ಮೆಟ್ರೋದಲ್ಲಿ ತರಲು ಆಗುವುದಿಲ್ಲ. ಒಂದೊಂದೇ ಸುಧಾರಣೆ ನೋಡಿದರೆ ಎಲ್ಲವೂ ಒಳ್ಳೆಯದೇ. ಹತ್ತು ಸೇರಿದರೆ ಶೋಗ್ರೌಂಡ್ ಇರುವುದಿಲ್ಲ, ಬರೀ ಆಟದ ಮೈದಾನ ಇರುತ್ತದೆ.

ಬೆಂಗಳೂರಿನಲ್ಲಿ ಬೆಳೆದ ನನಗೆ ಇದರ ಬೆಲೆ ತಡವಾಗಿ ಗೊತ್ತಾಯಿತು. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಮೈದಾನ ಬೇಕಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಂತೆಂದರೆ ಬುಲ್ ಟೆಂಪಲ್ ರಸ್ತೆಯೇ ಪರಿಷೆ. ಬಸ್ಸು ಬೇರೆ ದಾರಿ ಹಿಡಿಯುತ್ತದೆ, ರಸ್ತೆಯ ಎರಡೂ ಕಡೆ ಕಡಲೆಕಾಯಿ ರಾಶಿ ಬೀಳುತ್ತದೆ. ಇಲ್ಲಿ ಹಾಗಲ್ಲ. ಒಂದು ಸಣ್ಣ ಬೀದಿ ಮುಚ್ಚಬೇಕಾದರೂ ಸಂಚಾರದ ಪ್ಲಾನು, ಅನುಮತಿ, ತರಬೇತಿ ಪಡೆದ ಕೆಲಸಗಾರರು, ತಡೆಗೋಡೆ ಎಲ್ಲಕ್ಕೂ ದುಡ್ಡು ಕಟ್ಟಬೇಕು. ಸಣ್ಣ ಸಂಘಕ್ಕೆ ಅದು ಕೈಗೆಟುಕುವ ಮಾತಲ್ಲ. ಊರಿನಲ್ಲಿ ಬಯಲು ಇಲ್ಲದಿದ್ದರೆ ಇಲ್ಲಿ ಜಾತ್ರೆಯೂ ಇಲ್ಲ.

ಖಾಲಿ ಬಯಲು ಕಷ್ಟಕಾಲಕ್ಕೆ ಆಗುವ ಬಗೆಯನ್ನೂ ಹೇಳಬೇಕು. 2019-20ರ ಬೇಸಿಗೆಯಲ್ಲಿ ಇಲ್ಲಿ ಭಾರಿ ಕಾಳ್ಗಿಚ್ಚು ಎದ್ದಿತ್ತಲ್ಲ, ಆಗ ರಾಜ್ಯದ ದಕ್ಷಿಣ ತೀರದಲ್ಲಿ ಮನೆ ಬಿಟ್ಟು ಓಡಿಬಂದ ಜನ ಸೇರಿದ್ದು ಶೋಗ್ರೌಂಡುಗಳಲ್ಲಿ. ಬೇಗಾ (Bega) ಅನ್ನೋ ಪಟ್ಟಣದಲ್ಲಿ, ಬೆಂಕಿಗೆ ಅರ್ಧ ಬೀದಿಯೇ ಹೋದ ಕೊಬಾರ್ಗೊ ಊರಿನಲ್ಲಿ, ಜನ ಅಲ್ಲಿ ಕಾರು ನಿಲ್ಲಿಸಿ, ಡೇರೆ ಹಾಕಿ ಮಲಗಿದರು. ಪೆವಿಲಿಯನ್ನಿನಲ್ಲಿ ಬಟ್ಟೆ, ಹಾಲು, ಮೇವು ಹಂಚಿದರು. ನಮ್ಮ ಪಕ್ಕದ ಹಾಕ್ಸ್‌ಬರಿ ನದಿ 2021ರಲ್ಲಿ, ಮತ್ತೆ 2022ರಲ್ಲಿ ಉಕ್ಕಿದಾಗ ಕುದುರೆ, ದನಗಳನ್ನು ಕ್ಲಾರೆಂಡನ್ನಿನ ಹಾಕ್ಸ್‌ಬರಿ ಶೋಗ್ರೌಂಡಿಗೆ ಸಾಗಿಸಿದರು. ನೀರು, ಕೊಟ್ಟಿಗೆ, ಶೌಚಾಲಯ, ಅಡುಗೆಮನೆ ಎಲ್ಲ ಮೊದಲೇ ಇರುವ ಇನ್ನೊಂದು ಬಯಲನ್ನು ಒಂದು ರಾತ್ರಿಯಲ್ಲಿ ಎಲ್ಲಿಂದ ತರುವುದು? ಕೊರೊನಾ ಕಾಲದಲ್ಲಿ ಮೆಲ್ಬರ್ನ್, ಅಡಿಲೇಡ್, ಪರ್ತ್ ಮೂರೂ ನಗರಗಳಲ್ಲಿ ಶೋಗ್ರೌಂಡುಗಳೇ ಲಸಿಕೆ ಕೇಂದ್ರವಾದವು. ಬುಕಿಂಗ್ ಡೈರಿ ಪೂರ್ತಿ ತುಂಬಿದ್ದರೆ ಇದು ಯಾವುದೂ ಸುಲಭಕ್ಕೆ ಆಗುತ್ತಿರಲಿಲ್ಲ. ಆದರೆ ವರ್ಷದ ಲೆಕ್ಕ ಬರೆಯುವಾಗ ಖಾಲಿ ದಿನಗಳು ನಷ್ಟದ ಕಡೆಗೇ ಬೀಳುತ್ತವೆ.

ಸಿಡ್ನಿ ತನ್ನ ದೊಡ್ಡ ಶೋಗ್ರೌಂಡನ್ನು ಒಂದು ಸಲ ಬಿಟ್ಟುಕೊಟ್ಟಿದೆ. ನಗರದ ಮಗ್ಗುಲಲ್ಲೇ ಇರುವ ಮೂರ್ ಪಾರ್ಕಿನಲ್ಲಿ 1882ರಿಂದ 1997ರವರೆಗೆ ಈಸ್ಟರ್ ಶೋ ನಡೆಯುತ್ತಿತ್ತು. ನೂರು ವರ್ಷಕ್ಕೂ ಜಾಸ್ತಿ. 1998ರಲ್ಲಿ ಶೋ ಹೋಮ್‌ಬುಷ್‌ಗೆ, ಈಗಿನ ಒಲಿಂಪಿಕ್ ಪಾರ್ಕಿಗೆ ಹೋಯಿತು. ಹಳೆಯ ಜಾಗದಲ್ಲಿ ಫಾಕ್ಸ್ ಕಂಪನಿಯ ಸಿನಿಮಾ ಸ್ಟುಡಿಯೋ ಬಂತು, ಈಗ ಅದು ಡಿಸ್ನಿಯದು. ಈಸ್ಟರ್ ಶೋ ಸಾಯಲಿಲ್ಲ. ಹೊಸ ಜಾಗದಲ್ಲಿ ಅದು ದೊಡ್ಡದಾಗಿ, ಅಚ್ಚುಕಟ್ಟಾಗಿ ನಡೆಯುತ್ತಿದೆ. ನಾವೂ ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ. ಅದು ರಾಜ್ಯಕ್ಕೆಲ್ಲ ಸೇರಿದ ಶೋ, ಎಲ್ಲಿಟ್ಟರೂ ಜನ ಬರುತ್ತಾರೆ. ಊರಿನ ಶೋ ಹಾಗಲ್ಲ. ಕೇಕ್ ಇಡುವ ಅಜ್ಜಿ, ಗೇಟಿನಲ್ಲಿ ಟಿಕೆಟ್ ಹರಿಯುವ ತಾತ, ಕುದುರೆ ತರುವ ಹುಡುಗಿ ಎಲ್ಲರೂ ಹತ್ತಿರದವರು. ಬಯಲನ್ನು 20 ಕಿಲೋಮೀಟರ್ ಆಚೆಗೆ ಕಳಿಸಿದರೆ ಇವರು ಅದರ ಜೊತೆ ಹೋಗುವುದಿಲ್ಲ, ಮನೆಯಲ್ಲೇ ಉಳಿಯುತ್ತಾರೆ.

ಬ್ರಿಸ್ಬೇನಿನಲ್ಲಿ ಈಗ ಇಂಥದ್ದೇ ಒಂದು ಘಟ್ಟ. 1876ರಿಂದ 'ಎಕ್ಕಾ' ಅನ್ನೋ ಅಲ್ಲಿನ ದೊಡ್ಡ ಶೋ ನಡೆಯುತ್ತಿರುವ ಬೋವೆನ್ ಹಿಲ್ಸ್ ಶೋಗ್ರೌಂಡಿನಲ್ಲಿ 2032ರ ಒಲಿಂಪಿಕ್ಸ್‌ಗೆ ಕ್ರೀಡಾಪಟುಗಳ ವಸತಿ ಮಾಡಬೇಕು, ಮುಖ್ಯ ರಿಂಗನ್ನು 20,000 ಆಸನದ ಕ್ರೀಡಾಂಗಣ ಮಾಡಬೇಕು ಅಂತ ಅಲ್ಲಿನ ಸರ್ಕಾರ 2025ರಲ್ಲಿ ಹೇಳಿದೆ. ಹಳೆಯ ಕಟ್ಟಡಗಳಿಗೆ ದುಡ್ಡು ಬರುತ್ತದೆ, ಅದು ಒಳ್ಳೆಯದೇ. ಆದರೆ ಎರಡು ವಾರದ ಕ್ರೀಡೆಗೆ ಬೇಕಾದ ಅಳತೆಯಲ್ಲಿ ನೂರೈವತ್ತು ವರ್ಷದ ಬಯಲನ್ನು ಕತ್ತರಿಸುವಾಗ, ದನ ಎಲ್ಲಿ ಇಳಿಯುತ್ತದೆ ಅನ್ನುವ ಪ್ರಶ್ನೆಯನ್ನು ಮೊದಲೇ ಕೇಳಿರಬೇಕು.

ಅಡಿಲೇಡಿನವರು ಬೇರೆ ದಾರಿ ಹಿಡಿದರು. ವೇವಿಲ್ ಅನ್ನೋ ಬಡಾವಣೆಯ ಶೋಗ್ರೌಂಡಿನಲ್ಲಿ 2006ರಿಂದ ಭಾನುವಾರದ ರೈತರ ಸಂತೆ ನಡೆಯುತ್ತಿದೆ. ವರ್ಷಕ್ಕೊಂದು ಶೋ ಮಾತ್ರ ಇದ್ದರೆ ಸುತ್ತಲಿನವರಿಗೆ ಅದು ವರ್ಷಕ್ಕೊಂದು ಸಲದ ಗದ್ದಲ. ವಾರ ವಾರ ತರಕಾರಿ ತರುವ ಜಾಗವಾದರೆ ಅದು ಅವರದೇ ಜಾಗ. ಗದ್ದಲವನ್ನು ಸಹಿಸಿಕೊಳ್ಳುವುದಷ್ಟೇ ಅಲ್ಲ, ಬಯಲಿಗೆ ಏನಾದರೂ ಆದರೆ ಎದ್ದು ನಿಲ್ಲುವವರೂ ಅವರೇ. ಅಲ್ಲಿ ಸಂತೆಗೆ ಬೇಕಾದದ್ದೆಲ್ಲ ಗೂಟ ಕಿತ್ತು ಹೊರಡುವ ಬಗೆಯದ್ದು ಅನ್ನೋದನ್ನು ಗಮನಿಸಬೇಕು. ಬಳಕೆ ಹೆಚ್ಚಾಯಿತು, ಬಯಲು ಬಯಲಾಗಿಯೇ ಉಳಿಯಿತು.

ಇನ್ನು ಸದ್ದಿನ ವಿಷಯ. ಮುಂದೆ ಎಲ್ಲಕ್ಕಿಂತ ದೊಡ್ಡ ತಲೆನೋವು ಇದೇ ಆಗುತ್ತದೆ ಅಂತ ನನಗನ್ನಿಸುತ್ತದೆ. ಎಂಟನೇ ಮಹಡಿಯಲ್ಲಿ ಮನೆ ಕೊಂಡವರಿಗೆ ಶನಿವಾರ ಬೆಳಗಿನ ಸುತ್ತಿಗೆ ಸದ್ದು, ಶೋ ರಾತ್ರಿಯ ಪಟಾಕಿ, ದೀಪಾವಳಿಯ ಹಾಡು ಎಲ್ಲ ಕಿಟಕಿಯೊಳಗೇ ಬರುತ್ತದೆ. ಕೂಸು ಮಲಗಿಸುತ್ತಿರುವ ತಾಯಿ ಫೋನು ಮಾಡಿ ದೂರು ಕೊಟ್ಟರೆ ಅವರನ್ನು ನಾನು ತಪ್ಪು ಅನ್ನಲಾರೆ. ತಪ್ಪು ನಿಯಮದಲ್ಲಿದೆ. ವಿಕ್ಟೋರಿಯಾ ರಾಜ್ಯ 2014ರಲ್ಲಿ ಸಂಗೀತದ ಜಾಗಗಳಿಗೆ ಒಂದು ಒಳ್ಳೆಯ ನಿಯಮ ತಂದಿತು. ಆಮೇಲೆ ಬಂದವರು ಸದ್ದಿಗೆ ವ್ಯವಸ್ಥೆ ಮಾಡಬೇಕು ಅನ್ನೋದೇ ಆ ನಿಯಮದ ಸಾರ. ಸಂಗೀತ ಮೊದಲೇ ಇದ್ದು ಫ್ಲಾಟ್ ಆಮೇಲೆ ಬಂದರೆ, ದಪ್ಪ ಗಾಜು ಹಾಕುವ ಖರ್ಚು ಫ್ಲಾಟ್ ಕಟ್ಟುವವನದು. ನೂರು ವರ್ಷ ಮೀರಿದ ಶೋಗ್ರೌಂಡಿನ ಪಕ್ಕ ಫ್ಲಾಟ್ ಏಳುವಾಗಲೂ ಇದೇ ನ್ಯಾಯ ಬೇಕು. ಕಟ್ಟುವಾಗಲೇ ಗಾಜು ದಪ್ಪ ಹಾಕಿದರೆ ಆ ತಾಯಿಗೂ ನಿದ್ದೆ, ಬಯಲಿಗೂ ಉಸಿರು. ಕಟ್ಟಿದ ಮೇಲೆ ಏನು ಮಾಡಿದರೂ ಒಂದೇ ದಾರಿ ಉಳಿಯುತ್ತದೆ: ಸದ್ದು ಕಡಿಮೆ ಮಾಡಿ, ಹೊತ್ತು ಕಡಿಮೆ ಮಾಡಿ, ದಿನ ಕಡಿಮೆ ಮಾಡಿ.

ಕೊನೆಯದು ಬಾಡಿಗೆ. ಯಾರೂ ಮಾರದೆಯೇ ಬಯಲು ಕೈಜಾರಬಹುದು ಅಂತ ಮೊದಲೇ ಹೇಳಿದೆ. ಜಾರುವುದು ಹೆಚ್ಚಾಗಿ ಇಲ್ಲಿಂದಲೇ. ಕ್ಯಾಸಲ್ ಹಿಲ್ ಶೋಗ್ರೌಂಡನ್ನು ನೋಡಿಕೊಳ್ಳುವುದು ಹಿಲ್ಸ್ ಕೌನ್ಸಿಲ್. ಅಲ್ಲಿರುವ ಪುಟ್ಟ ಪೆವಿಲಿಯನ್ ಥಿಯೇಟರಿನಲ್ಲಿ ಕ್ಯಾಸಲ್ ಹಿಲ್ ಪ್ಲೇಯರ್ಸ್ ಅನ್ನೋ ಹವ್ಯಾಸಿ ತಂಡ ನಾಟಕ ಆಡುತ್ತದೆ. ಹೂವು ಬೆಳೆಸುವವರ ಸಂಘ, ನಾಯಿ ಪ್ರದರ್ಶನ, ಮದುವೆ ಆರತಕ್ಷತೆ, ಕಾರವಾನ್ ಮಾರುವ ಕಂಪನಿ ಎಲ್ಲರಿಗೂ ಇಂಥ ಬಯಲು ಬೇಕು. ಬಾಡಿಗೆ ಎರಡು ಪಟ್ಟಾದರೂ ಕಂಪನಿ ಕೊಡುತ್ತದೆ. ಇಪ್ಪತ್ತು ಜನರ ಆರ್ಕಿಡ್ ಸಂಘ ಕೊಡುವುದಿಲ್ಲ. ಅದು ಜಗಳ ಮಾಡುವುದಿಲ್ಲ, ಪತ್ರಿಕೆಗೆ ಬರೆಯುವುದಿಲ್ಲ, ಸುಮ್ನೆ ಮುಂದಿನ ವರ್ಷ ಬರುವುದಿಲ್ಲ. ಡೈರಿ ಮೊದಲಿಗಿಂತ ತುಂಬಿದಂತೆ ಕಾಣುತ್ತದೆ, ಆದಾಯವೂ ಏರುತ್ತದೆ. ಊರಿನವರು ಮಾತ್ರ ಅದರಲ್ಲಿ ಇರುವುದಿಲ್ಲ. ನಮ್ಮವರೂ ರಾಜ್ಯೋತ್ಸವ, ಯುಗಾದಿ ಬಂತೆಂದರೆ ಶಾಲೆಯ ಹಾಲು, ಸಮುದಾಯದ ಹಾಲು ಅಂತ ಬಾಡಿಗೆ ವಿಚಾರಿಸುತ್ತಾ ಅಲೆಯುವವರೇ. ವಿಮೆ, ಬಾಡಿಗೆ, ಕ್ಲೀನಿಂಗ್ ಠೇವಣಿ ಮೂರು ಸೇರಿಸಿ ಟಿಕೆಟ್ ದರ ಎಷ್ಟಿಡೋದು ಅಂತ ಕೂತು ಲೆಕ್ಕ ಹಾಕಿದ ಯಾವ ಕಮಿಟಿಗೂ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಈ ಬಾಡಿಗೆ ಪಟ್ಟಿ ಗುಟ್ಟಿನ ಕಾಗದ ಅಲ್ಲ. 1993ರ ಸ್ಥಳೀಯ ಆಡಳಿತ ಕಾಯ್ದೆಯ ಪ್ರಕಾರ ಈ ರಾಜ್ಯದ ಪ್ರತಿ ಕೌನ್ಸಿಲ್ ಮುಂದಿನ ವರ್ಷದ ಯೋಜನೆಯನ್ನು, ಶುಲ್ಕದ ಪಟ್ಟಿಯ ಸಮೇತ, ಕನಿಷ್ಠ 28 ದಿನ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕು. ಜೂನ್ 30ರ ಒಳಗೆ ಅದು ಪಾಸಾಗುತ್ತದೆ, ಹಾಗಾಗಿ ಡ್ರಾಫ್ಟ್ ಹೊರಗೆ ಬರುವುದು ಸಾಮಾನ್ಯವಾಗಿ ಏಪ್ರಿಲ್, ಮೇ ಹೊತ್ತಿಗೆ. ಉದ್ದದ ಪಟ್ಟಿ. ಸ್ಮಶಾನದ ಶುಲ್ಕ, ಈಜುಕೊಳದ ಶುಲ್ಕ, ನಾಯಿ ನೋಂದಣಿ ಎಲ್ಲದರ ನಡುವೆ ಮೈದಾನದ ಬಾಡಿಗೆಯೂ ಇರುತ್ತದೆ. ಶೋಗ್ರೌಂಡ್ ಉಳಿಸಿ ಅಂತ ಸಹಿ ಸಂಗ್ರಹ ಬಂದಾಗ ಸಾವಿರ ಜನ ಸಹಿ ಹಾಕುತ್ತಾರೆ. ಈ ಪಟ್ಟಿ ತೆರೆದು ಓದುವವರು ಬಹಳ ಕಡಿಮೆ. ಓದಿ ಬರೆಯುವುದಕ್ಕೆ ಇಲ್ಲಿನ ಪೌರತ್ವವೇನೂ ಬೇಕಿಲ್ಲ. ಈ ಊರಿನಲ್ಲಿ ಇದ್ದರೆ ಸಾಕು.

ಈ ಸಲ ಡ್ರಾಫ್ಟ್ ಬಂದಾಗ ನಾನು ಎರಡು ಪ್ರಶ್ನೆ ಬರೆದು ಕಳಿಸುತ್ತೇನೆ. ವಾಲಂಟಿಯರ್ ಸಂಘಕ್ಕೂ ಕಂಪನಿಗೂ ಬಾಡಿಗೆಯಲ್ಲಿ ಎಷ್ಟು ಅಂತರ ಇಟ್ಟಿದ್ದೀರಿ? ಗೂಟ ಹೊಡೆಯಬಹುದಾದ ಹುಲ್ಲು ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಉಳಿಯುತ್ತದೆ? ಪಕ್ಕದ ಬೀದಿಯ ಅಜ್ಜಿಗೆ ಇದನ್ನು ಹೇಳಿದೆ. ಅವರು ಕನ್ನಡಕ ಸರಿ ಮಾಡಿಕೊಂಡು, ಇನ್ನೊಂದು ಸೇರಿಸು ಅಂದರು: ಪೆವಿಲಿಯನ್ನಿನ ಅಡುಗೆಮನೆಯ ಓವನ್ ಯಾವಾಗ ರಿಪೇರಿ ಮಾಡುತ್ತೀರಿ ಅಂತ.